ಹದಿಹರೆಯದವರ ಹಲ್ಲು ಮತ್ತು ಬಾಯಿ: ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳಿಗೆ ಹಲ್ಲಿನ ತಪಾಸಣೆಗೆಂದು ಹೋದಾಗ ವಿದ್ಯಾರ್ಥಿಗಳು ಚೀಟಿಯಲ್ಲಿ ಬರೆದುಕೊಟ್ಟ, ಅವರ ತಂದೆತಾಯಂದಿರು ಎದುರಿಗೆ ಕುಳಿತು ಕೇಳಿದ, ಆಮೇಲೆ ಫೋನಿನಲ್ಲಿಯೂ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲಿಯೇ ಇವೆ. ಓದುವ ಮುನ್ನ ಒಂದು ಸಂಗತಿಯನ್ನು ಗಮನಿಸಬೇಕು: ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮುಂದಿನ ಹಲ್ಲುಗಳ ಬಣ್ಣವನ್ನು ಕುರಿತವು, ಆದರೆ ಈ ವಯಸ್ಸಿನವರಲ್ಲಿ ನಾನು ಕೀಳಬೇಕಾಗಿ ಬಂದ ಹಲ್ಲುಗಳಲ್ಲಿ ಹೆಚ್ಚಿನವು ಕನ್ನಡಿಯಲ್ಲಿ ಕಾಣದ ಹಿಂದಿನ ದವಡೆಹಲ್ಲುಗಳು.

## ದಿನನಿತ್ಯದ ಆರೈಕೆ

ಹಲ್ಲು ಬಿದ್ದು ಮತ್ತ ಬರ್ತಾವಲ್ರೀ, ಈಗ ಒಂದು ಹುಳುಕಾದ್ರ ಏನಾತು?

ಹದಿಮೂರು ದಾಟಿದವರ ಬಾಯಲ್ಲಿ ಸಾಮಾನ್ಯವಾಗಿ ಹಾಲುಹಲ್ಲು ಉಳಿದಿರುವುದಿಲ್ಲ. ಇರುವ 28 ಹಲ್ಲುಗಳೂ ಕಡೆತನಕ ಇರಬೇಕಾದವು. ಇವು ಹೋದರೆ ಆ ಜಾಗದಲ್ಲಿ ಬೇರೆ ಹಲ್ಲು ಹುಟ್ಟುವುದಿಲ್ಲ. ಇವುಗಳಲ್ಲಿ ಒಂದು ಹಲ್ಲು ಮಾತ್ರ ಎಲ್ಲರನ್ನೂ ಮೋಸಗೊಳಿಸುತ್ತದೆ. ಆರನೆಯ ವಯಸ್ಸಿನ ಸುಮಾರಿಗೆ, ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಹಿಂದುಗಡೆ ಸದ್ದಿಲ್ಲದೆ ಒಂದು ದವಡೆಹಲ್ಲು ಮೂಡುತ್ತದೆ. ಏನೂ ಬಿದ್ದಿಲ್ಲವಾದ್ದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ಎಣಿಸುತ್ತಾರೆ. ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಅದರ ಗೆರೆಯಲ್ಲಿ ಕಪ್ಪು ಚುಕ್ಕೆ ಕಾಣಿಸುತ್ತದೆ, ಹತ್ತನೆಯ ತರಗತಿಯ ಪರೀಕ್ಷೆಯ ಹೊತ್ತಿಗೆ ರಾತ್ರಿ ನಿದ್ದೆಗೆಡಿಸುವ ನೋವು ಶುರುವಾಗುತ್ತದೆ.

ಹನ್ನೆರಡರ ಸುಮಾರಿಗೆ ಅದರ ಹಿಂದೆ ಬರುವ ಎರಡನೆಯ ದವಡೆಹಲ್ಲಿನ ಮೇಲೂ ಬ್ರಷ್ಷಿನ ಎಳೆ ಇಳಿಯದಷ್ಟು ಆಳವಾದ ಗೆರೆಗಳಿರುತ್ತವೆ. ಹುಳುಕು ಹಿಡಿಯುವ ಮೊದಲೇ ಆ ಗೆರೆಗಳನ್ನು ಲೇಪ ಹಾಕಿ ಮುಚ್ಚಿಸಬಹುದು. ಇದಕ್ಕೆ ಕೊರೆಯಬೇಕಿಲ್ಲ, ಸೂಜಿ ಚುಚ್ಚಬೇಕಿಲ್ಲ, ಒಂದು ಹಲ್ಲಿಗೆ ಕೆಲವು ನಿಮಿಷ ಸಾಕು. ಚುಕ್ಕೆ ಚಿಕ್ಕದಿದ್ದಾಗ ಸಿಮೆಂಟು ತುಂಬಿಸುವುದು ಒಂದೇ ಭೇಟಿಯ ಕೆಲಸ. ನೋವು ಬರುವ ತನಕ ಕಾದರೆ ಅದೇ ಮೂರು ನಾಲ್ಕು ಭೇಟಿಗಳ ಕೆಲಸವಾಗುತ್ತದೆ.

ಮುಂಜಾನೆ ಒಮ್ಮೆ ತಿಕ್ಕಿದ್ರ ಸಾಲದೇನ್ರೀ?

ಸಾಲದು. ಎರಡರಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರಿಗೆ ನಾನು ರಾತ್ರಿಯದನ್ನು ಉಳಿಸಿಕೊಳ್ಳಿ ಎನ್ನುತ್ತೇನೆ. ಎಚ್ಚರವಿದ್ದಾಗ ಜೊಲ್ಲು ಹಲ್ಲನ್ನು ಸದಾ ತೊಳೆಯುತ್ತ ಆಮ್ಲವನ್ನು ತಣಿಸುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ, ಊಟದ ಅಂಟು ಹಲ್ಲಿನ ಸಂದಿಯಲ್ಲಿ ಉಳಿದಿದ್ದರೆ ಏಳೆಂಟು ತಾಸು ಕೆಡುಕು ಮಾಡಲು ಅದಕ್ಕೆ ಅಡ್ಡಿಯೇ ಇರುವುದಿಲ್ಲ. ಮೆತ್ತನೆಯ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಒತ್ತದೆ, ಸಣ್ಣ ಸುತ್ತುಗಳಲ್ಲಿ ಎರಡು ನಿಮಿಷ ಆಡಿಸಬೇಕು. ಮೂರು ತಿಂಗಳಿಗೊಮ್ಮೆ, ಎಳೆಗಳು ಅದಕ್ಕೂ ಮೊದಲೇ ಬಾಗಿದರೆ ಆಗಲೇ, ಬ್ರಷ್ಷು ಬದಲಿಸಬೇಕು. ತಿಕ್ಕಿದ ಮೇಲೆ ಪೇಸ್ಟನ್ನು ಉಗುಳಿದರೆ ಸಾಕು; ಚೊಂಬುಗಟ್ಟಲೆ ನೀರಿನಿಂದ ಮುಕ್ಕಳಿಸಿದರೆ ಹಲ್ಲನ್ನು ಹುಳುಕಿನಿಂದ ಕಾಯಲೆಂದು ಅದರಲ್ಲಿ ಬೆರೆಸಿರುವ ಫ್ಲೋರೈಡ್ ಕೆಲಸ ಮಾಡುವ ಮೊದಲೇ ತೊಳೆದುಹೋಗುತ್ತದೆ. ಹಾಸ್ಟೆಲಿನಲ್ಲಿರುವ ಹುಡುಗರು ರಾತ್ರಿ ನಲ್ಲಿಯಲ್ಲಿ ನೀರು ನಿಂತಿರುತ್ತದೆ ಎನ್ನುತ್ತಾರೆ. ಅವರಿಗೆ ಅರ್ಧ ಲೋಟ ನೀರು ಸಾಕಾಗುತ್ತದೆ.

ನಮ್ಮಜ್ಜ ಬೇವಿನ ಕಡ್ಡಿ, ಉಪ್ಪು, ಇದ್ದಿಲಿನಾಗ ತಿಕ್ಕಿ ಎಂಬತ್ತು ವರ್ಷ ಹಲ್ಲು ಉಳಿಸ್ಕೊಂಡಾನ. ನಮಗ್ಯಾಕ ಪೇಸ್ಟು?

ಅಜ್ಜನ ಹಲ್ಲನ್ನು ಉಳಿಸಿದ್ದರಲ್ಲಿ ಕಡ್ಡಿಯ ಪಾಲಿಗಿಂತ ಅವರ ತಟ್ಟೆಯ ಪಾಲು ದೊಡ್ಡದು. ಜೋಳದ ರೊಟ್ಟಿ, ಕಾಳುಪಲ್ಯ, ಮಜ್ಜಿಗೆ ಉಂಡು, ಹಬ್ಬಕ್ಕೊಮ್ಮೆ ಹೋಳಿಗೆ ತಿಂದ ಬಾಯಿಗೂ, ಶಾಲೆಯ ಗೇಟಿನ ಮುಂದೆ ದಿನಕ್ಕೆ ನಾಲ್ಕು ಸಲ ಸಿಹಿ ತಿನ್ನುವ ಬಾಯಿಗೂ ಒಂದೇ ಆರೈಕೆ ಸಾಲುವುದಿಲ್ಲ. ಬೇವಿನ ಕಡ್ಡಿಯ ತುದಿಯನ್ನು ಚೆನ್ನಾಗಿ ಜಗಿದು ಎಳೆಎಳೆ ಮಾಡಿ ಬಳಸುವುದರಿಂದ ಹಾನಿಯಿಲ್ಲ, ಆದರೆ ಅದು ದವಡೆಯ ಹಿಂಬದಿಗೆ ಮುಟ್ಟುವುದಿಲ್ಲ. ಇದ್ದಿಲು, ಇಟ್ಟಂಗಿ ಪುಡಿ ಮತ್ತು ಬೂದಿ ಹಲ್ಲಿನ ಗಟ್ಟಿ ಪದರವನ್ನೇ ಸವೆಸುತ್ತವೆ. ಆಮೇಲೆ ತಣ್ಣನೆಯ ನೀರು ತಾಗಿದರೂ ಹಲ್ಲು ಜುಂ ಎನ್ನುತ್ತದೆ. ಮಿಶ್ರಿಯ ಮಾತು ಬೇರೆ: ಅದು ಸುಟ್ಟ ತಂಬಾಕು, ಅದನ್ನು ಹಲ್ಲುಪುಡಿ ಎನ್ನಲಾಗದು.

ಒಸಡಿನಿಂದ ರಕ್ತ ಬರ್ತದ ಅಂತ ಅಲ್ಲಿ ತಿಕ್ಕೋದು ಬಿಟ್ಟೀನಿ. ಸರಿ ಅದ ಅಲ್ರೀ?

ಇಲ್ಲ, ರಕ್ತ ಬರುತ್ತಿರುವುದೇ ಅಲ್ಲಿ ಪಾಚಿ ಕುಳಿತಿದೆ ಎಂಬುದಕ್ಕೆ ಗುರುತು. ಹರೆಯದಲ್ಲಿ ದೇಹದ ಹಾರ್ಮೋನುಗಳು ಏರುವುದರಿಂದ ಒಸಡು ಸ್ವಲ್ಪ ಪಾಚಿಗೂ ಊದಿಕೊಳ್ಳುತ್ತದೆ, ಹುಡುಗಿಯರಲ್ಲಿ ಮುಟ್ಟಿನ ದಿನಗಳಿಗೆ ಮುಂಚೆ ಇದು ಇನ್ನಷ್ಟು ಕಾಣಿಸಬಹುದು. ಮೆತ್ತನೆಯ ಬ್ರಷ್ಷಿನಿಂದ ಅದೇ ಜಾಗವನ್ನು ದಿನಕ್ಕೆರಡು ಸಲ ಬಿಡದೆ ತಿಕ್ಕಿದರೆ ಒಂದೆರಡು ವಾರಗಳಲ್ಲಿ ರಕ್ತ ನಿಲ್ಲಬೇಕು. ನಿಲ್ಲದಿದ್ದರೆ ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿರುತ್ತದೆ, ಅದನ್ನು ದಂತವೈದ್ಯರೇ ತೆಗೆಯಬೇಕು. ಹೀಗೆ ಸ್ವಚ್ಛಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ತಪ್ಪು. ಗಾರೆ ಹೋದಾಗ ಅದು ತುಂಬಿಕೊಂಡಿದ್ದ ಸಂದಿ ನಾಲಿಗೆಗೆ ಹೊಸದಾಗಿ ತಾಗುತ್ತದೆ, ಅಷ್ಟೇ. ಜ್ವರವಿದ್ದಾಗ ಒಸಡಿನಿಂದ ರಕ್ತ ಬಂದರೆ ಮಾತ್ರ ಹಲ್ಲಿನ ಡಾಕ್ಟರಿಗಾಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಅದು ಡೆಂಗಿಯ ಅಪಾಯಸೂಚನೆಗಳಲ್ಲಿ ಒಂದು.

ಬಾಯಿ ವಾಸನಿ ಬರ್ತದಂತ ಗೆಳೆಯಾರು ದೂರ ಕೂಡ್ತಾರ. ಏನು ಮಾಡ್ಲಿ?

ನಾಲಿಗೆಯ ಹಿಂಭಾಗವನ್ನು ದಿನವೂ ಕೆರೆದು ತೊಳೆಯಿರಿ, ಬೆಳಗಿನ ಊಟ ಬಿಡಬೇಡಿ, ನೀರು ಹೆಚ್ಚು ಕುಡಿಯಿರಿ. ಎರಡು ವಾರಗಳ ನಂತರವೂ ವಾಸನೆ ಉಳಿದರೆ ಹುಳುಕು ಹಲ್ಲನ್ನೋ ಗಂಟಲಿನ ಟಾನ್ಸಿಲ್ ಗಡ್ಡೆಯನ್ನೋ ತೋರಿಸಬೇಕಾಗುತ್ತದೆ. ಏಲಕ್ಕಿ, ಸೋಂಪು ವಾಸನೆಯನ್ನು ಮುಚ್ಚುತ್ತವೆ, ಕಾರಣವನ್ನು ತೆಗೆಯುವುದಿಲ್ಲ.

## ತಿನ್ನುವುದು, ಕುಡಿಯುವುದು, ಜಗಿಯುವುದು

ಒಗ್ಗರಣಿ ಮಿರ್ಚಿ, ಚಹಾ, ಕೂಲ್‌ಡ್ರಿಂಕ್ಸ್: ಹಲ್ಲಿಗೆ ಯಾವುದು ಭಾಳ ಕೆಟ್ಟದ್ದು?

ಮಿರ್ಚಿಯ ಖಾರ ಹಲ್ಲಿಗೆ ಏನೂ ಮಾಡುವುದಿಲ್ಲ. ಹಲ್ಲನ್ನು ಕೆಡಿಸುವುದು ಸಕ್ಕರೆ ಮತ್ತು ಹಿಟ್ಟನ್ನು ತಿಂದು ಬ್ಯಾಕ್ಟೀರಿಯಾಗಳು ಬಿಡುವ ಆಮ್ಲ. ಸಿಹಿಯ ಪ್ರತಿ ಗುಟುಕಿನ ನಂತರ ಬಾಯಿ ಮತ್ತೆ ಸಹಜ ಸ್ಥಿತಿಗೆ ಬರಲು ಅರ್ಧ ಗಂಟೆಯಾದರೂ ಬೇಕು. ಆದ್ದರಿಂದ ಎಷ್ಟು ತಿಂದಿರಿ ಎಂಬುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದು ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಊಟದ ಜೊತೆಗೆ ಒಂದು ಶೇಂಗಾ ಹೋಳಿಗೆ ತಿಂದು ಬಾಯಿ ತೊಳೆದವರಿಗಿಂತ, ಒಂದು ಬಾಟಲಿ ಕೋಲಾವನ್ನು ಬಸ್‌ಸ್ಟ್ಯಾಂಡಿನಲ್ಲಿ ಎರಡು ತಾಸು ಗುಟುಕರಿಸುವವರ ಹಲ್ಲು ಬೇಗ ಕರಗುತ್ತದೆ. 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ, ಅಂದರೆ ಏಳು ಚಮಚದಷ್ಟು ಸಕ್ಕರೆ ಇರುತ್ತದೆ. ಅದರ ಮೇಲೆ ಪಾನೀಯದ್ದೇ ಆಮ್ಲವೂ ಸೇರುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಂಪು ಬೇಡ ಎನ್ನಲು ನನಗೂ ಮನಸ್ಸು ಬರುವುದಿಲ್ಲ. ಮಜ್ಜಿಗೆ ಕುಡಿಯಿರಿ, ಕೋಲಾ ಬೇಕೇ ಬೇಕೆಂದರೆ ಒಂದೇ ಸಲ ಕುಡಿದು ಮುಗಿಸಿ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬ್ರಷ್ ಮಾಡಬೇಡಿ, ಆಮ್ಲದಿಂದ ಮೆದುವಾದ ಪದರ ತಿಕ್ಕಿದರೆ ಸವೆಯುತ್ತದೆ. ಮಂಡಕ್ಕಿ ಒಗ್ಗರಣೆ ನಿರಪಾಯವೆಂದು ಕಾಣುತ್ತದೆ, ಆದರೆ ಅದರ ಹಿಟ್ಟು ದವಡೆಯ ಗೆರೆಗಳಲ್ಲಿ ಅಂಟಿ ಕೂರುವುದರಿಂದ ಅದನ್ನು ತಿಂದ ಮೇಲೂ ಮುಕ್ಕಳಿಸಬೇಕು.

ಬರೇ ಅಡಿಕಿ ಪುಡಿ ಹಾಕ್ಕೋತೀನಿ, ತಂಬಾಕು ಇಲ್ಲ. ಏನೂ ಆಗಂಗಿಲ್ಲಲ್ರೀ?

ಆಗುತ್ತದೆ. ತಂಬಾಕು ಇಲ್ಲದಿದ್ದರೂ ಅಡಿಕೆ ತಾನೇ ಬಾಯಿಯ ಒಳಚರ್ಮವನ್ನು ಗಟ್ಟಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧವಾಗಿರುವುದರಿಂದ ಅಂಗಡಿಗಳಲ್ಲಿ ಅಡಿಕೆ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಜೋತಾಡುತ್ತವೆ. ಮೊದಲ ಚೀಟಿಯನ್ನು ಸಿಹಿಯೆಂದು ಬಾಯಿಗೆ ಹಾಕಿಕೊಂಡ ಹುಡುಗ ಸ್ವಲ್ಪ ದಿನಗಳಲ್ಲಿ ಎರಡನೆಯದನ್ನೂ ಹರಿಯುತ್ತಾನೆ.

ಇದರ ಮೊದಲ ಗುರುತು ನಮ್ಮ ಭಾಗದಲ್ಲಿ ಬೇಗ ಗೊತ್ತಾಗುತ್ತದೆ, ಏಕೆಂದರೆ ಅದು ಮಿರ್ಚಿಯಲ್ಲಿ ಗೊತ್ತಾಗುತ್ತದೆ. ಕಳೆದ ವರ್ಷದ ತನಕ ನಾಲ್ಕು ಮಿರ್ಚಿ ತಿನ್ನುತ್ತಿದ್ದವನಿಗೆ ಈಗ ಒಂದು ಕಚ್ಚಿದರೂ ಬಾಯೆಲ್ಲ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಹಗ್ಗದಂತಹ ಪಟ್ಟಿಗಳು ಕೈಗೆ ಸಿಗುತ್ತವೆ, ಬಾಯಿ ತೆರೆಯುವುದು ಕಡಿಮೆಯಾಗುತ್ತ ಹೋಗುತ್ತದೆ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಮೂರೂ ಹೋಗದಿದ್ದರೆ ತಡಮಾಡದೆ ತೋರಿಸಿ. ಹದಿನೇಳು ವರ್ಷದ ಒಬ್ಬ ಹುಡುಗನನ್ನು ಅವನ ತಾಯಿ ಹಲ್ಲು ನೋವೆಂದು ಕರೆತಂದಿದ್ದರು. ನೋವಿದ್ದ ದವಡೆಹಲ್ಲನ್ನು ನೋಡಲು ನನ್ನ ಕನ್ನಡಿಯೇ ಅವನ ಬಾಯೊಳಗೆ ಹೋಗಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದುದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗಟ್ಟಿಯಾದ ಚರ್ಮ ಚಟ ಬಿಟ್ಟ ಮೇಲೂ ಪೂರ್ತಿ ಮೊದಲಿನಂತಾಗುವುದು ಕಷ್ಟ, ಆದರೆ ಬಿಟ್ಟರೆ ಮುಂದುವರಿಯುವುದು ಬಹುಮಟ್ಟಿಗೆ ತಗ್ಗುತ್ತದೆ.

ಬಿಡಬೇಕಂತ ಅದೀನಿ, ಮನಿಯಾಗ ಗೊತ್ತಾದ್ರ ಹೊಡೀತಾರ. ಯಾರನ್ನ ಕೇಳ್ಲಿ?

ತಂಬಾಕು ಬಿಡಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ; ಮನೆಯವರನ್ನು ಕೇಳದೆಯೇ ಕರೆ ಮಾಡಬಹುದು. ದಂತವೈದ್ಯರೂ ಬಯ್ಯಲು ಕುಳಿತವರಲ್ಲ. ತಂದೆತಾಯಂದಿರಿಗೆ ಒಂದು ಮಾತು: ಹೊಡೆತಕ್ಕೆ ಹೆದರಿದ ಮಗ ಚಟ ಬಿಡುವುದಿಲ್ಲ, ಬಾಯಿ ತೋರಿಸುವುದನ್ನು ಬಿಡುತ್ತಾನೆ.

## ಕಂದು ಹಲ್ಲು ಮತ್ತು ಕುಡಿಯುವ ನೀರು

ನಮ್ಮೂರಾಗ ಎಲ್ಲಾರ ಹಲ್ಲೂ ಕಂದು. ತಿಕ್ಕಿ ತಿಕ್ಕಿ ಸಾಕಾಗೇತಿ, ಯಾಕ ಹೋಗವಲ್ದು?

ಅದು ಹಲ್ಲಿನ ಮೇಲೆ ಕುಳಿತ ಕೊಳೆಯಾಗಿದ್ದರೆ ಹೋಗುತ್ತಿತ್ತು. ಅದು ಹಲ್ಲಿನ ಒಳಗೇ ಇರುವ ಕಲೆ. ಈ ಮೂರೂ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಕಗ್ಗಲ್ಲಿನ ಪದರಗಳ ನಡುವೆ ಬಹುಕಾಲ ನಿಂತು, ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿ.ಗ್ರಾಂ ತನಕ ಒಪ್ಪಬಹುದು. ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದ ತನಕ, ಹಲ್ಲಿನ ಹೊರಪದರ ಒಸಡಿನೊಳಗೆ ರೂಪುಗೊಳ್ಳುತ್ತಿರುವಾಗ, ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ಹೊಟ್ಟೆಗೆ ಹೋದರೆ ಆ ಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಸುಣ್ಣದಂತಹ ಬಿಳಿ ಅಡ್ಡಗೆರೆಗಳೊಂದಿಗೆ ಹುಟ್ಟಿ, ವರ್ಷಗಳು ಕಳೆದಂತೆ ಕಂದಾಗುತ್ತದೆ. ಇದನ್ನೇ ಫ್ಲೋರೋಸಿಸ್ ಎನ್ನುವುದು.

ಒಂದೇ ಮನೆಯಲ್ಲಿ ಅಣ್ಣನ ಹಲ್ಲು ಕಂದು, ತಂಗಿಯದು ಬಿಳಿ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ವಿಚಾರಿಸಿದರೆ, ತಂಗಿ ಹುಟ್ಟುವ ಹೊತ್ತಿಗೆ ಊರಿಗೆ ಹೊಳೆಯ ನೀರೋ ಶುದ್ಧ ನೀರಿನ ಘಟಕವೋ ಬಂದಿರುತ್ತದೆ. ಆದ್ದರಿಂದ ಕಂದು ಹಲ್ಲಿನ ಹುಡುಗನನ್ನು ಸೋಮಾರಿ, ಹಲ್ಲು ತಿಕ್ಕದವನು ಎಂದು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸುವುದು ಅನ್ಯಾಯ; ಅವನು ಕೂಸಾಗಿದ್ದಾಗ ಕುಡಿದ ನೀರಿಗೆ ಅವನು ಹೊಣೆಯಲ್ಲ. ಫ್ಲೋರೋಸಿಸ್ ಕಲೆ ಎಡಕ್ಕೂ ಬಲಕ್ಕೂ ಒಂದೇ ತರಹ ಇರುತ್ತದೆ. ಹುಳುಕು ಯಾವುದೋ ಒಂದು ಹಲ್ಲಿನಲ್ಲಿ, ಒಂದು ಕುಳಿಯಲ್ಲಿ ಶುರುವಾಗುತ್ತದೆ. ಸಾಧಾರಣ ಕಲೆಯ ಹಲ್ಲು ಗಟ್ಟಿಯಾಗಿಯೇ ಇರುತ್ತದೆ, ತೀರ ಹೆಚ್ಚಾಗಿ ಗುಂಡಿ ಬಿದ್ದ ಹಲ್ಲು ಮಾತ್ರ ಚೂರಾಗುತ್ತದೆ.

ನೀರು ಕಾಸಿ ಕುಡಿದ್ರ ಫ್ಲೋರೈಡ್ ಹೋಗ್ತದೇನ್ರೀ? ನಮ್ಮ ಬೋರಿನ ನೀರು ಸಿಹಿನೇ ಐತಿ.

ಕಾಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಸವಳು ನಾಲಿಗೆಗೆ ತಿಳಿಯುತ್ತದೆ, ಇಷ್ಟು ಪ್ರಮಾಣದ ಫ್ಲೋರೈಡ್ ತಿಳಿಯುವುದಿಲ್ಲ, ಆದ್ದರಿಂದ ಸಿಹಿನೀರೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಯನ್ನು ಕೇಳಿ. ಶುದ್ಧ ನೀರಿನ ಘಟಕದ ಆರ್‌ಒ ಯಂತ್ರ ಫ್ಲೋರೈಡನ್ನು ತೆಗೆಯುತ್ತದೆ, ಆದರೆ ಅದರ ಪೊರೆ ಹಳತಾದರೆ ತೆಗೆಯುವುದೂ ಕಡಿಮೆಯಾಗುತ್ತದೆ. ಘಟಕದ ನೀರನ್ನೂ ಆಗಾಗ ಪರೀಕ್ಷಿಸಬೇಕು. ಹದಿಹರೆಯದಲ್ಲಿ ನೀರು ಬದಲಿಸಿದರೆ ಹಲ್ಲಿನ ಕಲೆ ಮಾಸುವುದಿಲ್ಲ. ಆದರೆ ಹೆಚ್ಚಿನ ಫ್ಲೋರೈಡಿನಿಂದ ಕೆಡಬಹುದಾದ ಎಲುಬು, ಕೀಲುಗಳು ಉಳಿಯುತ್ತವೆ, ಮನೆಯ ಚಿಕ್ಕ ಮಕ್ಕಳ ಹಲ್ಲೂ ಉಳಿಯುತ್ತದೆ.

ನೀರಿನಾಗ ಮೊದಲೇ ಫ್ಲೋರೈಡ್ ಐತಿ, ಪೇಸ್ಟಿನಾಗೂ ಯಾಕ?

ಲೆಕ್ಕ ಹಾಕಿ ನೋಡೋಣ. ಬಟಾಣಿ ಕಾಳಿನಷ್ಟು ಪೇಸ್ಟು ಸುಮಾರು ಕಾಲು ಗ್ರಾಂ ತೂಗುತ್ತದೆ. 1000 ಪಿಪಿಎಂ ಎಂದು ಬರೆದ ಪೇಸ್ಟಿನ ಒಂದು ಗ್ರಾಮಿನಲ್ಲಿ 1 ಮಿ.ಗ್ರಾಂ ಫ್ಲೋರೈಡ್ ಇರುವುದರಿಂದ, ದಿನಕ್ಕೆರಡು ಸಲದ ಪೇಸ್ಟನ್ನು ಪೂರ್ತಿ ನುಂಗಿದರೂ ಒಳಗೆ ಹೋಗುವುದು 0.5 ಮಿ.ಗ್ರಾಂ, ಉಗುಳಿದರೆ ಅದರ ಅಲ್ಪಭಾಗ. ಲೀಟರಿಗೆ 2 ಮಿ.ಗ್ರಾಂ ಇರುವ ಬೋರಿನ ನೀರನ್ನು ಬೇಸಿಗೆಯಲ್ಲಿ ಮೂರು ಲೀಟರ್ ಕುಡಿದರೆ 6 ಮಿ.ಗ್ರಾಂ ಒಳಗೆ ಹೋಗುತ್ತದೆ. ಬದಲಿಸಬೇಕಾದ್ದು ನೀರನ್ನು. ಹದಿಹರೆಯದವರು ಫ್ಲೋರೈಡ್ ಪೇಸ್ಟನ್ನೇ ಬಳಸಿ ಉಗುಳಬೇಕು. ಪೇಸ್ಟ್ ನುಂಗುವ ವಯಸ್ಸಿನ ಪುಟ್ಟ ಮಕ್ಕಳಿಗೆ ಯಾವ ಪೇಸ್ಟು, ಎಷ್ಟು ಎಂಬುದನ್ನು ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ಮಗಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಾಳ. ಕಲೆ ತೆಗೆಯೋಕ ದಾರಿ ಐತೇನ್ರೀ?

ಇದೆ. ಕಲೆ ಮೇಲ್ಪದರದಲ್ಲಿಯೇ ಇದ್ದರೆ ಔಷಧಿ ಬೆರೆಸಿದ ಸಣ್ಣ ಪುಡಿಯಿಂದ ಆ ಪದರವನ್ನು ಅತಿ ತೆಳ್ಳಗೆ ಸವೆಸುತ್ತಾರೆ, ಅಗತ್ಯವಿದ್ದರೆ ಬ್ಲೀಚ್ ಮಾಡುತ್ತಾರೆ. ಗುಂಡಿ ಬಿದ್ದಿದ್ದರೆ ಹಲ್ಲಿನ ಬಣ್ಣದ ಸಿಮೆಂಟು ತುಂಬುತ್ತಾರೆ. ಹಲ್ಲನ್ನು ಹೆಚ್ಚು ಕೊರೆದು ಕ್ಯಾಪ್ ಹಾಕಿಸಲು ಈ ವಯಸ್ಸಿನಲ್ಲಿ ಆತುರಪಡಬೇಡಿ, ಹಲ್ಲಿನ ಒಳಗಿನ ನರ ಇನ್ನೂ ದೊಡ್ಡದಾಗಿರುತ್ತದೆ. ಮೊಬೈಲಿನಲ್ಲಿ ನೋಡಿ ನಿಂಬೆರಸ ಹಚ್ಚುವುದರಿಂದಲೂ, ಜಾತ್ರೆ ಸಂತೆಗಳಲ್ಲಿ ಕ್ಷಣದಲ್ಲಿ ಬೆಳ್ಳಗೆ ಮಾಡುತ್ತೇವೆಂದು ಹಚ್ಚುವ ದ್ರವಗಳಿಂದಲೂ ಹಲ್ಲೇ ಕರಗುತ್ತದೆ. ಚಿಕಿತ್ಸೆಗೆ ಬಂದಾಗ ಹಿಂದಿನ ಹಲ್ಲುಗಳನ್ನೂ ನೋಡಿಸಿ. ಮುಂದಿನ ಕಲೆಗೆಂದು ಬಂದವರ ದವಡೆಯಲ್ಲಿ ಎರಡು ಹುಳುಕು ಸಿಗುವುದು ನನಗೆ ರೂಢಿಯೇ ಆಗಿದೆ.

## ನೋವು, ಚಿಕಿತ್ಸೆ, ಪೆಟ್ಟು

ಹೊಗಿ ಹಾಕಿ ಹಲ್ಲಿನ ಹುಳ ತೆಗೀತಾರಂತ, ಕಣ್ಣಾರೆ ನೋಡೀವಿ.

ನೀವು ನೋಡಿದ್ದು ಸುಳ್ಳಲ್ಲ, ಅದು ಹುಳವಲ್ಲ. ನೆಲಗುಳ್ಳದಂತಹ ಬೀಜಗಳನ್ನು ಕೆಂಡದ ಮೇಲೆ ಹಾಕಿದಾಗ ಬೀಜ ಸಿಡಿದು ಒಳಗಿನ ಬಿಳಿ ಮೊಳಕೆ ಹೊರಬೀಳುತ್ತದೆ, ನೀರಿನಲ್ಲಿ ತೇಲುವಾಗ ಅದು ಸಣ್ಣ ಹುಳದಂತೆಯೇ ಕಾಣುತ್ತದೆ. ಅದೇ ಬೀಜವನ್ನು ಯಾರ ಬಾಯಿಯೂ ಹತ್ತಿರವಿಲ್ಲದೆ ಸುಟ್ಟು ನೋಡಿ. ನೋವಿಗೆ ತಂಬಾಕು, ಕರ್ಪೂರ, ಮಾತ್ರೆಯ ಪುಡಿ ಇಟ್ಟರೆ ಒಸಡು ಸುಡುತ್ತದೆ. ಆಸ್ಪತ್ರೆ ತಲುಪುವ ತನಕ ಬೆಚ್ಚನೆಯ ಉಪ್ಪುನೀರಿನಿಂದ ಮುಕ್ಕಳಿಸಬಹುದು, ಹತ್ತಿಗೆ ಒಂದು ಹನಿ ಲವಂಗದೆಣ್ಣೆ ತಾಗಿಸಿ ಕುಳಿಯಲ್ಲಿ ಇಡಬಹುದು. ಮುಖ ಊದಿ ಜ್ವರ ಬಂದರೆ ಅಂದೇ ತೋರಿಸಿ.

ಮ್ಯಾಲಿನ ಹಲ್ಲು ಕಿತ್ತಿಸಿದ್ರ ಕಣ್ಣು ಮಂದ ಆಗ್ತಾವಂತ, ಖರೇನ್ರೀ?

ಖರೆಯಲ್ಲ. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ಈ ಹೆದರಿಕೆಯಿಂದ ಕೀವು ತುಂಬಿದ ಮೇಲಿನ ಹಲ್ಲನ್ನು ವರ್ಷಗಟ್ಟಲೆ ಉಳಿಸಿಕೊಂಡವರಿದ್ದಾರೆ. ಕೀವು ಕಣ್ಣಿನ ಕಡೆಗೆ ಹರಡುವ ಅಪಾಯವಿರುವುದು ಅಂಥವರಲ್ಲಿಯೇ.

ರೂಟ್ ಕೆನಾಲ್ ಯಾರಿಗೆ ಬೇಕ್ರೀ, ಕಿತ್ತು ಒಗೀರಿ.

ಹದಿನಾಲ್ಕು ವರ್ಷದವರ ದವಡೆಹಲ್ಲನ್ನು ಕಿತ್ತರೆ ಹಿಂದಿನ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಎದುರಿನ ಹಲ್ಲು ಕೆಳಗಿಳಿಯುತ್ತದೆ, ಅಗಿಯುವುದೆಲ್ಲ ಒಂದೇ ಬದಿಗೆ ಬೀಳುತ್ತದೆ. ಉಳಿಸಲು ಸಾಧ್ಯವಿರುವ ಹಲ್ಲನ್ನು ಉಳಿಸಬೇಕು; ಹಲ್ಲಿನೊಳಗಿನ ಕೆಟ್ಟ ನರವನ್ನು ತೆಗೆದು ಬೇರನ್ನು ತುಂಬುವ ರೂಟ್ ಕೆನಾಲ್ ಇರುವುದು ಅದಕ್ಕಾಗಿಯೇ. ಹಲ್ಲು ಹುಟ್ಟಿದ ಮೇಲೂ ಅದರ ಬೇರಿನ ತುದಿ ಮುಚ್ಚಲು ಸುಮಾರು ಮೂರು ವರ್ಷ ಬೇಕಾಗುವುದರಿಂದ, ಹದಿಮೂರರ ವಯಸ್ಸಿನವರ ಎರಡನೆಯ ದವಡೆಹಲ್ಲಿನಲ್ಲಿ ತುದಿ ಇನ್ನೂ ತೆರೆದಿರಬಹುದು. ಆಗ ಮೊದಲು ಔಷಧಿಯಿಂದಲೋ ವಿಶೇಷ ಸಿಮೆಂಟಿನಿಂದಲೋ ತುದಿಯನ್ನು ಮುಚ್ಚಿಸಿ ಆಮೇಲೆ ಬೇರು ತುಂಬಬೇಕಾಗುತ್ತದೆ. ನೋವು ಹೋಯಿತೆಂದು ಎರಡನೆಯ ಭೇಟಿಗೆ ಬಾರದಿದ್ದರೆ ತಾತ್ಕಾಲಿಕ ಸಿಮೆಂಟು ಬಿದ್ದು ಮೊದಲಿಗಿಂತ ಕೆಡುತ್ತದೆ. ಮನೆಯವರು ಗುಳೆ ಹೋಗುವ ತಿಂಗಳನ್ನು ವೈದ್ಯರಿಗೆ ಮೊದಲೇ ತಿಳಿಸಿ, ಅದರೊಳಗೆ ಮುಗಿಯುವಂತೆ ದಿನ ಗೊತ್ತುಮಾಡಿಕೊಳ್ಳಿ.

ಉಬ್ಬು ಹಲ್ಲಿಗೆ ಕ್ಲಿಪ್ ಯಾವಾಗ ಹಾಕಿಸಬೇಕು? ಎಷ್ಟು ದಿನ?

ದವಡೆ ಇನ್ನೂ ಬೆಳೆಯುತ್ತಿರುವ ಹನ್ನೊಂದರಿಂದ ಹದಿನಾಲ್ಕರ ವಯಸ್ಸು ಅನುಕೂಲ, ಆಮೇಲೂ ಆಗುತ್ತದೆ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ, ತಿಂಗಳಿಗೊಮ್ಮೆ ಭೇಟಿ. ತಂತಿ ತೆಗೆದ ಮೇಲೆ ಕೊಡುವ ಪಟ್ಟಿಯನ್ನು ಹಾಕಿಕೊಳ್ಳದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಮರಳುತ್ತದೆ. ತಂತಿ ಇರುವಾಗ ಚಿಕ್ಕಿ, ಕಬ್ಬು, ಕಟಕಲು ರೊಟ್ಟಿ ಬೇಡ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಳ್ಳಿ.

ಇಷ್ಟೆಲ್ಲಾ ರೊಕ್ಕ ಎಲ್ಲಿಂದ ತರೋದು? ಸರ್ಕಾರಿ ಆಸ್ಪತ್ರಿಯಾಗ ಆಗ್ತದೇನು?

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 18 ವರ್ಷದೊಳಗಿನ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಪರೀಕ್ಷಿಸುತ್ತದೆ, ಹಲ್ಲೂ ಆ ಪಟ್ಟಿಯಲ್ಲಿದೆ. ಅವರು ಬರೆದುಕೊಡುವ ಚೀಟಿಯನ್ನು ಕಳೆಯದೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ, ರಾಯಚೂರಿನಲ್ಲಿ ಖಾಸಗಿ ದಂತ ಕಾಲೇಜುಗಳಿವೆ. ಕಾಲೇಜುಗಳಲ್ಲಿ ಸಮಯ ಹೆಚ್ಚು ಹಿಡಿದರೂ ಖರ್ಚು ಕಡಿಮೆ.

ಕಬಡ್ಡಿ ಆಡುವಾಗ ಮುಂದಿನ ಹಲ್ಲು ಬೇರು ಸಮೇತ ಕಿತ್ತು ಬಂತು. ಅದನ್ನ ಮತ್ತ ಕೂಡಿಸೋಕ ಬರ್ತದೇನು?

ಬರುತ್ತದೆ, ಅರ್ಧ ಗಂಟೆಯೊಳಗಾದರೆ ಚೆನ್ನಾಗಿ ಬರುತ್ತದೆ. ಹಲ್ಲನ್ನು ಬೆಳ್ಳಗಿನ ಭಾಗದಲ್ಲಿ ಹಿಡಿಯಿರಿ, ಬೇರನ್ನು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಕ್ಷಣಕಾಲ ಅದ್ದಿ ತೆಗೆಯಿರಿ. ಹುಡುಗ ಎಚ್ಚರದಿಂದಿದ್ದರೆ ಹಲ್ಲನ್ನು ಅದರ ಗುಳಿಯಲ್ಲಿಯೇ ಕೂರಿಸಿ, ಕರವಸ್ತ್ರವನ್ನು ಮೆಲ್ಲಗೆ ಕಚ್ಚಿಸಿ ಕರೆತನ್ನಿ. ಧೈರ್ಯವಾಗದಿದ್ದರೆ ಚಹಾದಂಗಡಿಯಿಂದ ಒಂದು ಲೋಟ ತಣ್ಣನೆಯ ಹಾಲು ತಂದು ಅದರಲ್ಲಿ ಮುಳುಗಿಸಿ. ಒಮ್ಮೆ ಒಬ್ಬ ದೈಹಿಕ ಶಿಕ್ಷಕರು ಹಲ್ಲನ್ನು ಬಹಳ ಕಾಳಜಿಯಿಂದ ಸೋಪು ಹಚ್ಚಿ ತೊಳೆದು, ಒರೆಸಿ, ಕಾಗದದಲ್ಲಿ ಸುತ್ತಿ ತಂದುಕೊಟ್ಟಿದ್ದರು. ಬೇರಿಗೆ ಅಂಟಿಕೊಂಡಿದ್ದ ಜೀವಕೋಶಗಳೆಲ್ಲ ಆ ತೊಳೆತದಲ್ಲಿಯೇ ಹೋಗಿದ್ದವು. ಅಂದಿನಿಂದ ಅವರು ಪಂದ್ಯವಿದ್ದ ದಿನ ಹಾಲಿನ ಪ್ಯಾಕೆಟ್ಟೊಂದನ್ನು ಐಸಿನ ಡಬ್ಬಿಯಲ್ಲಿ ಇಟ್ಟುಕೊಂಡೇ ಮೈದಾನಕ್ಕೆ ಹೋಗುತ್ತಾರೆ.